ಬ್ಯಾಟರಿ ಬದಲಿಸುವ ಮೊದಲು ಮೀಟರ್ ಇಟ್ಟು ನೋಡಿ

ಮಳೆಗಾಲದಲ್ಲಿ ಕೊಡಗಿನ ಕಾರುಗಳಿಗೆ ಓಟ ಕಡಿಮೆ, ದುಡಿತ ಹೆಚ್ಚು. ತೋಟದಿಂದ ಪೇಟೆಗೆ ನಾಲ್ಕೈದು ಕಿಲೋಮೀಟರ್. ಅಷ್ಟರಲ್ಲೇ ಹೆಡ್‌ಲೈಟ್, ವೈಪರ್, ಬ್ಲೋವರ್ ಎಲ್ಲವೂ ಆನ್. ಸೆಲ್ಫ್ ಹೊಡೆದಾಗ ಖರ್ಚಾದದ್ದು ಬ್ಯಾಟರಿಗೆ ವಾಪಸ್ ತುಂಬುವ ಮೊದಲೇ ಗಾಡಿ ನಿಂತಿರುತ್ತದೆ. ಹೊಸ ಬ್ಯಾಟರಿ ಹಾಕಿಸಿದರೂ ಸಂಪಾಜೆ ಘಾಟಿಯಲ್ಲಿ ಎಂಜಿನ್ ಆಫ್ ಆಗುವುದುಂಟು, ಏಕೆಂದರೆ ದೋಷ ಬೇರೆಡೆ ಇರುತ್ತದೆ. ಒಂದು ಡಿಜಿಟಲ್ ಮಲ್ಟಿಮೀಟರ್ ಸಾಕು, ಅಂಗಳದಲ್ಲೇ ಪತ್ತೆ ಮಾಡಬಹುದು.

ರಾತ್ರಿಯಿಡೀ ನಿಂತ ಗಾಡಿಯಲ್ಲಿ, ಕೀ ತಿರುಗಿಸುವ ಮೊದಲು, ಮೀಟರನ್ನು 20 ವೋಲ್ಟ್ ಡಿ.ಸಿ.ಗೆ ಇಟ್ಟು, ಕೆಂಪು ವೈರನ್ನು ಬ್ಯಾಟರಿಯ ಪಾಸಿಟಿವ್‌ಗೆ, ಕಪ್ಪನ್ನು ನೆಗೆಟಿವ್‌ಗೆ ಮುಟ್ಟಿಸಿ ಅಳೆಯಿರಿ. 12.6 ಇದ್ದರೆ ಪೂರ್ತಿ ಚಾರ್ಜ್, 12.2 ಎಂದರೆ ಅರ್ಧ. ಕಡಿಮೆ ಬಂತೆಂದು ಬ್ಯಾಟರಿಯನ್ನು ದೂರಬೇಡಿ. ಹೊರಗಿನ ಚಾರ್ಜರ್‌ನಲ್ಲಿ ತುಂಬಿಸಿ, ಕೆಲವು ಗಂಟೆ ಬಿಟ್ಟು, ಸೆಲ್ಫ್ ಹೊಡೆಯುವಾಗ ನೋಡಿ. ಆಗ 9.6ಕ್ಕಿಂತ ಕೆಳಗಿಳಿದರೆ ಮಾತ್ರ ಬ್ಯಾಟರಿಯ ಮೇಲೆ ಸಂಶಯಪಡಿ.

ಟರ್ಮಿನಲ್‌ನಲ್ಲಿ ಬಿಳಿ-ಹಸಿರು ಪುಡಿ ಕಟ್ಟಿದ್ದರೆ ನೆಗೆಟಿವ್ ಮೊದಲು ಬಿಚ್ಚಿ, ಅಡುಗೆ ಸೋಡಾ ಕದಡಿದ ನೀರಿನಲ್ಲಿ ಉಜ್ಜಿ ತೊಳೆದು ಒಣಗಿಸಿ. ಆ ನೀರು ಬ್ಯಾಟರಿಯ ಮುಚ್ಚಳದೊಳಗೆ ಹೋಗಬಾರದು. ಬಿಗಿಯುವಾಗ ಪಾಸಿಟಿವ್ ಮೊದಲು. ಮೇಲೆ ವ್ಯಾಸಲೀನ್ ಸವರಿ.

ಇನ್ನು ಮುಖ್ಯ ಪರೀಕ್ಷೆ. ಎಂಜಿನ್ ಚಾಲೂ ಇಟ್ಟು ಬ್ಯಾಟರಿಯಲ್ಲಿ ಅಳೆದರೆ 13.8ರಿಂದ 14.5 ಬರಬೇಕು. ಹೆಡ್‌ಲೈಟ್, ಬ್ಲೋವರ್ ಹಾಕಿ ಸ್ವಲ್ಪ ಆಕ್ಸಿಲರೇಟರ್ ಕೊಟ್ಟರೂ 13.2ಕ್ಕಿಂತ ಇಳಿಯಬಾರದು. ಹನ್ನೆರಡರ ಆಸುಪಾಸಿನಲ್ಲೇ ನಿಂತು ಇಳಿಯುತ್ತಿದ್ದರೆ ಆಲ್ಟರ್ನೇಟರ್, ಅಂದರೆ ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಭಾಗ, ಚಾರ್ಜ್ ಮಾಡುತ್ತಿಲ್ಲ. ಅದನ್ನು ತಿರುಗಿಸುವ ಬೆಲ್ಟ್ ಮೊದಲು ನೋಡಿ: ಒದ್ದೆಯಾದಾಗ ಕಿರುಚಿದರೆ ಅದು ಜಾರುತ್ತಿದೆ. ಬಳಿಕ ಕನೆಕ್ಟರ್, ಆಮೇಲೆ ಆಲ್ಟರ್ನೇಟರಿನ ಬ್ರಷ್ ಮತ್ತು ವೋಲ್ಟೇಜನ್ನು ಹದ್ದಿನಲ್ಲಿಡುವ ರೆಗ್ಯುಲೇಟರ್. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿರುವ ಸಾಧ್ಯತೆ ಹೆಚ್ಚು. ಹಾಗೇ ಓಡಿಸಿದರೆ ಬ್ಯಾಟರಿ ಬೆಂದುಹೋಗುತ್ತದೆ. ಈಚಿನ ಕೆಲವು ಕಾರುಗಳಲ್ಲಿ ಕಂಪ್ಯೂಟರೇ ಚಾರ್ಜಿಂಗ್ ಏರಿಳಿಸುವುದರಿಂದ ಒಂದೇ ರೀಡಿಂಗ್ ನಂಬಬೇಡಿ. ಓಡುವ ಎಂಜಿನ್‌ನಲ್ಲಿ ಟರ್ಮಿನಲ್ ಕಳಚಿ ಪರೀಕ್ಷಿಸುವ ಹಳೇ ಪದ್ಧತಿಯನ್ನಂತೂ ಯಾರಿಗೂ ಮಾಡಗೊಡಬೇಡಿ. ವೋಲ್ಟೇಜ್ ಒಮ್ಮೆಲೇ ಜಿಗಿದು ಆಲ್ಟರ್ನೇಟರಿನ ಡಯೋಡ್, ಎಂಜಿನ್ ನಿಯಂತ್ರಿಸುವ ಕಂಪ್ಯೂಟರಾದ ಇ.ಸಿ.ಯು. ಎರಡೂ ಸುಡಬಹುದು.

ಗಾಡಿ ಆಫ್ ಆಗುವ ಬಗೆಯನ್ನು ಗಮನಿಸಿ. ಬ್ಯಾಟರಿ ದೀಪ ಹೊತ್ತಿ, ಹೆಡ್‌ಲೈಟ್ ಮಂಕಾಗಿ, ಎಂಜಿನ್ ತಡವರಿಸಿ ನಿಂತರೆ ದೋಷ ಚಾರ್ಜಿಂಗ್‌ನದು. ಲೈಟ್ ಪ್ರಖರವಾಗಿದ್ದೇ ನಿಂತು, ಸೆಲ್ಫ್‌ಗೆ ಚುರುಕಾಗಿ ತಿರುಗಿದರೆ ಎಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯ ಕಾರ್ಬನ್ ಅಥವಾ ಡೀಸೆಲ್ ಫಿಲ್ಟರಿನ ನೀರು ನೋಡಿ. ಬ್ಯಾಟರಿ ಬದಲಿಸಿದ ಮೇಲಷ್ಟೇ ಐಡಲಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದಿರುವಾಗ, ಆಫ್ ಆಗುತ್ತಿದ್ದರೆ, ಇ.ಸಿ.ಯು. ಕಲಿತಿದ್ದ ಐಡಲ್ ಸೆಟ್ಟಿಂಗ್ ಅಳಿಸಿಹೋಗಿರಬಹುದು.

ಎಲ್ಲ ಸರಿಯಿದ್ದೂ ಬೆಳಿಗ್ಗೆ ಬ್ಯಾಟರಿ ಇಳಿದಿದ್ದರೆ ಕರೆಂಟ್ ಸೋರುತ್ತಿದೆ. ನೆಗೆಟಿವ್ ಕೇಬಲ್ ಬಿಚ್ಚಿ, ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಬದಲಿಸಿ, ಮೀಟರನ್ನು 10 ಆಂಪಿಯರ್‌ಗೆ ಇಟ್ಟು, ಕೇಬಲ್‌ಗೂ ಬ್ಯಾಟರಿಗೂ ನಡುವೆ ಸೇರಿಸಿ. ಅರ್ಧ ಗಂಟೆಯ ಬಳಿಕ 50 ಮಿಲಿ ಆಂಪಿಯರ್‌ಗಿಂತ ಹೆಚ್ಚಿದ್ದರೆ ಫ್ಯೂಸ್‌ಗಳನ್ನು ಒಂದೊಂದಾಗಿ ತೆಗೆಯಿರಿ. ಯಾವುದು ತೆಗೆದಾಗ ರೀಡಿಂಗ್ ಇಳಿಯಿತೋ ಆ ಲೈನಿನಲ್ಲಿ ಇಲಿ ಕಡಿದ ವೈರ್ ಹುಡುಕಿ. ಮೀಟರ್ ಹೀಗಿರುವಾಗ ಕೀ ತಿರುಗಿಸಬೇಡಿ. ಮತ್ತೆ ವೋಲ್ಟ್ ಅಳೆಯುವ ಮೊದಲು ಕೆಂಪು ವೈರನ್ನು ಅದರ ಹಳೆಯ ತೂತಿಗೆ ಬದಲಿಸಿ, ಇಲ್ಲದಿದ್ದರೆ ಶಾರ್ಟ್ ಆಗುತ್ತದೆ.