ಹರಾಜು ಮನೆ: ಬಿಡ್ ಹಾಕುವ ಮುಂಚೆ ಗೋಡೆ ತಟ್ಟಿ ನೋಡಿ

ಸಾಲ ಕಟ್ಟಲಾಗದೆ ಬ್ಯಾಂಕಿನ ವಶಕ್ಕೆ ಹೋದ ಮನೆಗಳ ಹರಾಜು ಪ್ರಕಟಣೆಯ ಕೊನೆಯಲ್ಲಿ, ಕನ್ನಡಕ ಒರೆಸಿಕೊಂಡು ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ: ‘ಎಲ್ಲಿದೆಯೋ ಅಲ್ಲೇ, ಹೇಗಿದೆಯೋ ಹಾಗೇ, ಏನಿದೆಯೋ ಅಷ್ಟೇ.’ ಮೌಲ್ಡ್ ಸೋರಿದರೂ ನಿಮ್ಮದು, ಸಂಪು ಒಡೆದಿದ್ದರೂ ನಿಮ್ಮದು ಎಂದು ಇದರ ಅರ್ಥ. ಮಾಲೀಕರಿಂದ ನೇರವಾಗಿ ಕೊಳ್ಳುವಾಗ ‘ಸುಣ್ಣ ಬಣ್ಣ ಮಾಡಿಸಿಕೊಡಿ’ ಎಂದಾದರೂ ಕೇಳಬಹುದು. ಇಲ್ಲಿ ಆ ಮಾತಿಗೆ ಜಾಗವೇ ಇಲ್ಲ. ಆದ್ದರಿಂದ ಹರಾಜು ಮನೆಗೆ ತಪಾಸಣೆ ಬೇಕೇ ಎಂದು ಕೇಳಿದರೆ, ಬೇರೆ ಯಾವ ಮನೆಗಿಂತಲೂ ಇದಕ್ಕೇ ಹೆಚ್ಚು ಬೇಕು. ಅದೂ ಇಎಂಡಿ (ಬಿಡ್ ಹಾಕುವವರು ಮೊದಲೇ ಇಡಬೇಕಾದ ಠೇವಣಿ) ಹಣ ಕಟ್ಟುವ ಮುಂಚೆ.

ಆಮೇಲೆ ನೋಡಿಕೊಂಡರಾಯಿತು ಎನ್ನುವವರು ಈ ಲೆಕ್ಕ ನೋಡಲಿ. ಮೀಸಲು ಬೆಲೆ, ಅಂದರೆ ಬ್ಯಾಂಕ್ ಗೊತ್ತುಮಾಡಿದ ಕನಿಷ್ಠ ಬೆಲೆ, 60 ಲಕ್ಷ, ಇಎಂಡಿ ಸಾಮಾನ್ಯವಾಗಿ ಅದರ ಶೇ 10, ಅಂದರೆ 6 ಲಕ್ಷ. ನೀವು 62 ಲಕ್ಷಕ್ಕೆ ಗೆದ್ದಿರಿ ಎನ್ನಿ. ನಿಯಮದಂತೆ ಇಎಂಡಿಯೂ ಸೇರಿ ಬಿಡ್ ಮೊತ್ತದ ಶೇ 25, ಅಂದರೆ 15.5 ಲಕ್ಷ, ಅಂದೇ ಅಥವಾ ಮರುದಿನದ ಕೆಲಸದ ವೇಳೆಯೊಳಗೆ ಬ್ಯಾಂಕಿಗೆ ಸೇರಬೇಕು. ಉಳಿದ 46.5 ಲಕ್ಷಕ್ಕೆ ಮಾರಾಟ ಖಾಯಂ ಆದ ದಿನದಿಂದ 15 ದಿನ. ಬ್ಯಾಂಕ್ ಲಿಖಿತವಾಗಿ ಒಪ್ಪಿದರೆ ಗಡುವನ್ನು ಒಟ್ಟು ಮೂರು ತಿಂಗಳವರೆಗೆ ಎಳೆಯಬಹುದು. ಬಿರುಕು ಕಂಡು ಹೆದರಿ ಹಿಂದೆ ಸರಿದರೆ ಕಟ್ಟಿದ 15.5 ಲಕ್ಷವೂ ಮುಟ್ಟುಗೋಲು. ಇಂಥ ಪೂರ್ತಿ ಮುಟ್ಟುಗೋಲನ್ನು ಸುಪ್ರೀಂ ಕೋರ್ಟ್ 2024ರಲ್ಲಿ ಎತ್ತಿಹಿಡಿದಿದೆ.

ಮೊದಲು ಪ್ರಕಟಣೆಯನ್ನೇ ತಪಾಸಣೆ ಮಾಡಿ

ಪ್ರಕಟಣೆಯಲ್ಲಿ ಮೂರು ಸಂಗತಿ ಹುಡುಕಿ: ಸ್ವಾಧೀನ ಯಾವ ಬಗೆಯದು, ಮನೆ ತೋರಿಸುವ ದಿನ ಮತ್ತು ವೇಳೆ ಯಾವುದು, ಬ್ಯಾಂಕಿನ ಅಧಿಕೃತ ಅಧಿಕಾರಿಯ ದೂರವಾಣಿ ಸಂಖ್ಯೆ ಏನು. ಬಾಕಿದಾರರ ಆಸ್ತಿಯನ್ನು ವಶಕ್ಕೆ ಪಡೆದು ಮಾರಲು ಬ್ಯಾಂಕಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆಯಡಿ ಮೊದಲ ಸಲದ ಹರಾಜಿಗೆ 30 ದಿನಗಳ ನೋಟಿಸ್ ಇರುತ್ತದೆ. ಅದು ಬಿದ್ದುಹೋಗಿ ಮತ್ತೆ ಹರಾಜಿಗೆ ಇಟ್ಟರೆ 15 ದಿನ ಸಾಕು. ಎರಡನೇ, ಮೂರನೇ ಸಲ ಬಂದ ಮನೆಗೆ ಬೆಲೆ ಇಳಿದಿರುತ್ತದೆ, ಅದರ ಜೊತೆಗೆ ನಿಮ್ಮ ಕೈಲಿರುವ ದಿನಗಳೂ ಇಳಿದಿರುತ್ತವೆ. ಮನೆ ತೋರಿಸಲು ಬಹುತೇಕ ಒಂದೇ ದಿನ, ಒಂದೆರಡು ಗಂಟೆ. ಆ ದಿನ ಬರುವ ಸಿವಿಲ್ ಎಂಜಿನಿಯರನ್ನು ಮೊದಲೇ ಗೊತ್ತು ಮಾಡಿಕೊಳ್ಳಿ.

ಸ್ವಾಧೀನ ‘ಭೌತಿಕ’ ಎಂದಿದ್ದರೆ ಬೀಗ ಬ್ಯಾಂಕಿನದು. ‘ಸಾಂಕೇತಿಕ’ ಎಂದಿದ್ದರೆ ಬಾಗಿಲಿಗೆ ನೋಟಿಸ್ ಅಂಟಿಸಿದ್ದಾರೆ ಅಷ್ಟೇ, ಒಳಗೆ ಸಂಸಾರ ನಡೆಯುತ್ತಿದೆ. ಸಾಲಗಾರರೇ ಇದ್ದರೆ ಒಂದು ತರಹ, ಭೋಗ್ಯದಾರರು ಇದ್ದರೆ ಇನ್ನೊಂದು ತರಹ. ನಮ್ಮ ಮೈಸೂರು–ಮಂಡ್ಯ ಕಡೆ ಲಕ್ಷಗಟ್ಟಲೆ ಹಣ ಕೊಟ್ಟು ಭೋಗ್ಯಕ್ಕೆ ಕೂತವರು ಆ ಹಣ ಕೈಗೆ ಬರುವವರೆಗೂ ಅಲುಗಾಡುವುದಿಲ್ಲ. ಕೊಡಬೇಕಾದವರು ಮೊದಲೇ ದಿವಾಳಿ. ಭೋಗ್ಯದ ಪತ್ರ ಬ್ಯಾಂಕಿನ ಅಡಮಾನಕ್ಕಿಂತ ಹಿಂದಿನ ತಾರೀಖಿನದಾಗಿ, ನೋಂದಣಿಯೂ ಆಗಿದ್ದರೆ ತಕರಾರು ಇನ್ನೂ ಗಟ್ಟಿ. ಬ್ಯಾಂಕಿನವರು ಜಿಲ್ಲಾ ದಂಡಾಧಿಕಾರಿಗೆ ಅರ್ಜಿ ಹಾಕಿ ಮನೆ ಬಿಡಿಸಿಕೊಡಬಹುದು, ನಿಜ. ಕಾಯ್ದೆಯಲ್ಲಿ ಆ ಆದೇಶಕ್ಕೆ 30 ದಿನ, ಕಾರಣ ಬರೆದರೆ ಒಟ್ಟು 60 ದಿನ ಎಂದಿದೆ. ಕಾಯ್ದೆಯ ಕ್ಯಾಲೆಂಡರನ್ನು ನಂಬಿ ಈಗಿರುವ ಬಾಡಿಗೆ ಮನೆಗೆ ನೋಟಿಸ್ ಕೊಡಬೇಡಿ.

ಕಾಗದ: ಮೂರು ದಿನ

ನೋಂದಣಿ ಇಲಾಖೆಯಿಂದ ಕನಿಷ್ಠ 30 ವರ್ಷದ ಋಣಭಾರ ಪತ್ರ (ಇಸಿ) ತೆಗೆಯಿರಿ. ಅಡಮಾನದ ನಮೂದು ಯಾವ ತಾರೀಖಿನದು, ಅದರ ಹಿಂದೆ ಮುಂದೆ ಬೇರೆ ಕ್ರಯ, ಕರಾರು, ವಿಭಾಗಪತ್ರ ಇದೆಯೇ ನೋಡಿ. ಪಾಲಿಕೆಯ ಇ-ಖಾತಾ, ಕಂದಾಯದ ಬಾಕಿ, ವಾಣಿ ವಿಲಾಸ ನೀರು ಸರಬರಾಜಿನ ಬಾಕಿ ವಿಚಾರಿಸಿ. ಮೀಟರ್ ಬೋರ್ಡಿನ ಮೇಲಿರುವ ಆರ್‌ಆರ್ ನಂಬರ್ ಹಿಡಿದು ಸೆಸ್ಕ್ ಕಚೇರಿಯಲ್ಲಿ ಕೇಳಿದರೆ ವಿದ್ಯುತ್ ಬಾಕಿ ಗೊತ್ತಾಗುತ್ತದೆ. ‘ಹಿಂದಿನವರ ಬಿಲ್ಲು ನನಗೇಕೆ’ ಎನ್ನುವಂತಿಲ್ಲ: ನಿಯಮದಲ್ಲಿ ಅವಕಾಶವಿದ್ದರೆ ಹರಾಜಿನಲ್ಲಿ ಕೊಂಡವರಿಂದಲೂ ಹಳೆ ಬಾಕಿ ವಸೂಲು ಮಾಡಬಹುದೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಇನ್ನು ಸಾಲಗಾರರ ಹೆಸರಿನಲ್ಲಿ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಯಲ್ಲಿ ಅರ್ಜಿ ಇದೆಯೇ ಎಂದು ಜಾಲತಾಣದಲ್ಲಿ ಹುಡುಕಿ. ಬ್ಯಾಂಕಿನ ಕ್ರಮವನ್ನು ಪ್ರಶ್ನಿಸಲು ಅವರಿಗೆ 45 ದಿನ ಕಾಲಾವಕಾಶವಿದೆ.

ಕಾಗದ ನೋಡಲು ವಕೀಲರು ಸಾಕು. ಆದರೆ ಕಾಗದದಲ್ಲಿರುವ ಮನೆಯೇ ನೆಲದ ಮೇಲಿರುವ ಮನೆಯೋ ಎಂದು ವಕೀಲರು ಹೇಳಲಾರರು. ಅದು ಟೇಪಿನ ಕೆಲಸ. ಚಕ್ಕುಬಂದಿಯ ನಾಲ್ಕೂ ದಿಕ್ಕು, ನಿವೇಶನದ ಸಂಖ್ಯೆ, ಬಡಾವಣೆ ನಕ್ಷೆ ಮೂರೂ ಹೊಂದಬೇಕು. ಪ್ರಕಟಣೆಯಲ್ಲಿ 30×40 ಎಂದಿದ್ದು ಅಳೆದರೆ 28 ಅಡಿ ಬಂದರೆ, ಪಕ್ಕದವರ ಕಾಂಪೌಂಡು ಒಳಗೆ ಬಂದಿರಬಹುದು. ಮಂಜೂರಾದ ನಕ್ಷೆಯಲ್ಲಿ ನೆಲ ಮತ್ತು ಒಂದನೇ ಮಹಡಿ ಮಾತ್ರ ಇದ್ದು, ಎದುರಿಗೆ ಎರಡನೇ ಮಹಡಿಯೂ ನಿಂತಿದ್ದರೆ ಅದು ಕಾಗದದ ದೋಷವೂ ಹೌದು, ಪಾಯಕ್ಕೆ ಹೆಚ್ಚಿನ ಭಾರವೂ ಹೌದು.

ಮನೆ: ಒಂದೇ ಗಂಟೆ

ಬ್ಯಾಂಕಿನ ಮೌಲ್ಯಮಾಪಕರ ವರದಿ ಇದೆಯಲ್ಲ ಎಂದು ಸುಮ್ಮನಾಗಬೇಡಿ. ಅದು ಬೆಲೆ ಹೇಳುವ ಕಾಗದ, ಮನೆಯ ಆರೋಗ್ಯ ಹೇಳುವುದಿಲ್ಲ. ನಿಮ್ಮ ಎಂಜಿನಿಯರ್ ಜೊತೆಗೆ ಒಬ್ಬ ಅನುಭವಿ ಪ್ಲಂಬರನ್ನೂ ಕರೆದೊಯ್ಯಿರಿ. ಕರೆಂಟು, ನೀರು ಎರಡೂ ಕಡಿದಿರುತ್ತದೆ ಎಂದುಕೊಂಡೇ ಹೊರಡಿ: ದೊಡ್ಡ ಟಾರ್ಚ್, 30 ಮೀಟರ್ ಟೇಪು, ಸಣ್ಣ ಸುತ್ತಿಗೆ, ತೂಗುಗುಂಡು, ಏಣಿ, 20 ಲೀಟರಿನ ಎರಡು ಕ್ಯಾನ್ ನೀರು. ಕ್ಯಾನ್ ಯಾಕೆಂದು ಆಮೇಲೆ ತಿಳಿಯುತ್ತದೆ.

ಮೇಲಿನಿಂದ ಶುರು ಮಾಡಿ, ಕೆಳಗೆ ಇಳಿಯುತ್ತಾ ಬನ್ನಿ. ತಾರಸಿಯಲ್ಲಿ ಮಳೆನೀರಿನ ಕೊಳವೆಯ ಬಾಯಿ ಎಲೆ, ಮಣ್ಣಿನಿಂದ ಮುಚ್ಚಿದೆಯೇ? ಎರಡು ವರ್ಷ ಬೀಗ ಬಿದ್ದ ಮನೆಯ ತಾರಸಿಯನ್ನು ಗುಡಿಸುವವರು ಯಾರೂ ಇರುವುದಿಲ್ಲ. ಅಕ್ಟೋಬರ್ ಮಳೆಗೆ ನೀರು ಮಡುಗಟ್ಟಿ ನಿಂತ ಕಡೆ ಕಪ್ಪು ಪಾಚಿಯ ಗೆರೆ ಉಳಿದಿರುತ್ತದೆ. ಆ ಗೆರೆ ಎಲ್ಲಿದೆಯೋ ಗುರುತಿಟ್ಟುಕೊಂಡು, ಕೆಳಗಿಳಿದು ಅದೇ ಜಾಗದ ಸೀಲಿಂಗ್ ನೋಡಿ. ಬೇಸಿಗೆಯಲ್ಲಿ ಹೋದವರಿಗೆ ಸೋರಿಕೆ ಕಾಣುವುದಿಲ್ಲ. ಹಳೆ ಬಣ್ಣದ ನಡುವೆ ತೇಪೆ ಹಾಕಿದಂತೆ ಹೊಸ ಬಣ್ಣ ಇದ್ದರೆ ಅದೇ ಸಾಕ್ಷಿ.

ಸೀಲಿಂಗನ್ನೂ ಬೀಮನ್ನೂ ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾ ಹೋಗಿ. ಗಟ್ಟಿ ಕಾಂಕ್ರೀಟು ‘ಟಣ್’ ಎನ್ನುತ್ತದೆ, ಒಳಗೆ ಬಿಟ್ಟುಕೊಂಡಿದ್ದರೆ ‘ಡಬ್ ಡಬ್’. ಕಬ್ಬಿಣದ ಕಂಬಿ ತುಕ್ಕು ಹಿಡಿದರೆ ಉಬ್ಬುತ್ತದೆ, ಉಬ್ಬಿದ ಕಂಬಿ ಕಾಂಕ್ರೀಟನ್ನು ಒಳಗಿನಿಂದ ಸೀಳುತ್ತದೆ. ಆದ್ದರಿಂದ ಕಂಬಿಯ ಉದ್ದಕ್ಕೇ ನೇರವಾಗಿ ಬಿರುಕು, ಅದರಂಚಿಗೆ ಕಂದು ಕಲೆ. ಮೊದಲು ಹುಡುಕಬೇಕಾದ ಜಾಗ ಮೇಲಿನ ಮಹಡಿಯ ಬಚ್ಚಲಿನ ಅಡಿ, ಆಮೇಲೆ ಸಜ್ಜಾಗಳು, ಬಾಲ್ಕನಿಯ ತುದಿ. ಸಜ್ಜಾ ರಿಪೇರಿ ದೊಡ್ಡದಲ್ಲ. ಬೀಮು, ಪಿಲ್ಲರಿನಲ್ಲಿ ಈ ಗೆರೆ ಕಂಡರೆ ಮಾತ್ರ ಎಂಜಿನಿಯರ್ ಮುಖ ನೋಡಿ, ಅವರು ಏನು ಹೇಳುತ್ತಾರೋ ಅದರ ಮೇಲೆ ಬಿಡ್ ನಿಂತಿದೆ. ರೀಬೌಂಡ್ ಹ್ಯಾಮರ್ ಎಂಬ ಉಪಕರಣದಿಂದ ಕಾಂಕ್ರೀಟಿನ ಗಟ್ಟಿತನ ಅಂದಾಜು ಮಾಡಬಹುದು. ಆದರೆ ಅದಕ್ಕೆ ಗಿಲಾವು ಕೆತ್ತಿ ಕಾಂಕ್ರೀಟು ಬಯಲು ಮಾಡಬೇಕು, ಅದಕ್ಕೆ ಬ್ಯಾಂಕಿನವರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಗಿಲಾವು ತಾನಾಗೇ ಉದುರಿದ ಕಡೆ, ಮೆಟ್ಟಿಲಿನ ಅಡಿಯಲ್ಲಿ ಪ್ರಯತ್ನಿಸಬಹುದು.

ಎಲ್ಲ ಬಿರುಕೂ ಒಂದೇ ಅಲ್ಲ. ಪಿಲ್ಲರ್ ಮತ್ತು ಇಟ್ಟಿಗೆ ಗೋಡೆ ಸೇರುವಲ್ಲಿ ನೆಟ್ಟಗೆ ಇಳಿದ ಗೆರೆ, ಗಿಲಾವಿನ ಮೊದಲು ಜಾಲರಿ ಹಾಕದ ಮೇಸ್ತ್ರಿಯ ಸೋಮಾರಿತನ. ತಾರಸಿ ಮೌಲ್ಡಿನ ಕೆಳಗೆ ಅಡ್ಡಡ್ಡ ಓಡಿದ ಗೆರೆ ಬಹುಮಟ್ಟಿಗೆ ಬಿಸಿಲಿಗೆ ಮೌಲ್ಡ್ ಹಿಗ್ಗಿ ಕುಗ್ಗಿದ್ದರ ಫಲ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು, ಗೋಡೆಯ ಹೊರಮೈಯಲ್ಲೂ ಅದೇ ಜಾಗದಲ್ಲಿ ಕಾಣುವ ಬಿರುಕು ಬೇರೆಯದೇ ಕತೆ: ಪಾಯ ಒಂದು ಕಡೆ ಕುಸಿದಿರಬಹುದು. ಅಳತೆಗೆ ಜೇಬಿನಲ್ಲಿರುವ ಎಟಿಎಂ ಕಾರ್ಡೇ ಸಾಕು, ಅದರ ದಪ್ಪ ಸುಮಾರು ಮುಕ್ಕಾಲು ಮಿಲಿಮೀಟರ್. ಕಾರ್ಡು ಹೋಗದಿದ್ದರೆ ಸಣ್ಣ ಬಿರುಕು. ಸಲೀಸಾಗಿ ಹೋಗಿ ಅಲ್ಲಾಡಿದರೆ ಫೋಟೊ ತೆಗೆದುಕೊಳ್ಳಿ. ನಾಲ್ಕು ಕಾರ್ಡು ಒಟ್ಟಿಗೆ ಹಿಡಿಸುವಷ್ಟು ಬಾಯಿ ಬಿಟ್ಟಿದ್ದರೆ, ಅದೂ ಓರೆಯಾಗಿದ್ದರೆ, ಕಾರಣ ತಿಳಿಯದೆ ಮುಂದಕ್ಕೆ ಹೋಗಬಾರದು.

ನೆಲದ ಮಾತು ಊರಿನಿಂದ ಊರಿಗೆ ಬೇರೆ. ಮೈಸೂರಿನ ಎತ್ತರದ ಬಡಾವಣೆಗಳಲ್ಲಿ ಕೆಂಪು ಮಣ್ಣು, ಅದರಡಿ ಗಟ್ಟಿ ಕಲ್ಲು, ಪಾಯಕ್ಕೆ ಒಳ್ಳೆಯದು. ಕೆರೆಗಳ ಕೆಳಗಿನ ತಗ್ಗು, ಮುಚ್ಚಿಹಾಕಿದ ಕಾಲುವೆಯ ಪಕ್ಕ ಆ ಭರವಸೆ ಇಲ್ಲ. ಮಂಡ್ಯದಲ್ಲಿ ವಿಶ್ವೇಶ್ವರಯ್ಯ ನಾಲೆಯ ನೀರುಂಡ ಗದ್ದೆಗಳ ಮೇಲೆ ಎದ್ದ ಬಡಾವಣೆಗಳಿವೆ. ಗದ್ದೆಗೆ ಮಣ್ಣು ತುಂಬಿಸಿ ಸರಿಯಾಗಿ ದಿಮ್ಮಸು ಹಾಕದೆ ಕಟ್ಟಿದ್ದರೆ, ಗೋಡೆ ನಿಂತಲ್ಲೇ ನಿಂತು ನೆಲ ಮಾತ್ರ ಕುಸಿಯುತ್ತದೆ. ಸ್ಕರ್ಟಿಂಗ್ ಟೈಲಿನ ಕೆಳಗೆ ಬೆರಳು ತೂರುವ ಸಂದು ಇದೆಯೇ ಬಗ್ಗಿ ನೋಡಿ. ಗೋಡೆಯ ಬುಡದಿಂದ ಎರಡು ಮೂರು ಅಡಿಯವರೆಗೆ ಬಣ್ಣ ಹೊಪ್ಪಳೆಯಾಗಿ ಎದ್ದು ಬಿಳಿ ಉಪ್ಪು ಕೂತಿದ್ದರೆ ತೇವ ನೆಲದಿಂದ ಏರುತ್ತಿದೆ, ಅದು ಬಣ್ಣ ಬಳಿದು ಮುಚ್ಚುವ ರೋಗವಲ್ಲ.

ಮೈಸೂರಿನ ಅಗ್ರಹಾರ, ದೇವರಾಜ ಮೊಹಲ್ಲಾ ಕಡೆಯ ಹಳೆಯ ಮನೆಯಾದರೆ ಮದ್ರಾಸ್ ತಾರಸಿ (ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಹಾಕಿದ್ದು), ಮರದ ತೊಲೆ, ಸುಣ್ಣದ ಗಾರೆ ಇರಬಹುದು. ತೊಲೆ ಗೋಡೆಯೊಳಗೆ ಹೋಗುವ ತುದಿಯೇ ಮೊದಲು ಕೊಳೆಯುವುದು, ಗೆದ್ದಲು ಹಿಡಿಯುವುದು. ಅಲ್ಲಿ ಮೊಳೆ ಒತ್ತಿ ನೋಡಿ. ಬೆಣ್ಣೆಗೆ ಹೋದಂತೆ ಹೋದರೆ ಆ ತೊಲೆಯ ಕತೆ ಮುಗಿದಿದೆ.

ಈಗ ಕ್ಯಾನಿನ ನೀರು. ಒಂದು ಕ್ಯಾನ್ ಪೂರ್ತಿ ಬಚ್ಚಲಿನ ಜಾಲರಿಗೆ ಸುರಿಯಿರಿ, ಇನ್ನೊಬ್ಬರು ಹೊರಗೆ ಚೇಂಬರಿನ ಮುಚ್ಚಳ ತೆಗೆದು ನಿಂತಿರಲಿ. ನೀರು ತಡವಿಲ್ಲದೆ ಬಂದರೆ ದಾರಿ ಸರಿಯಿದೆ. ತೊಟ್ಟಿಕ್ಕುತ್ತಾ ಬಂದರೆ ಬೇರು ಅಥವಾ ಸಿಮೆಂಟು ಕಟ್ಟಿಕೊಂಡಿದೆ. ಸುರಿದದ್ದು ಬಾರದೇ ಹೋದರೆ ಕೊಳವೆ ನೆಲದಡಿಯಲ್ಲಿ ಒಡೆದಿದೆ ಅಥವಾ ಒಳಚರಂಡಿ (ಯುಜಿಡಿ) ಸಂಪರ್ಕವೇ ಇಲ್ಲ. ಎರಡನೇ ಕ್ಯಾನು ಅಡುಗೆಮನೆಯ ಸಿಂಕಿಗೆ. ಬಾಗಿಲು ತೆರೆದ ಕೂಡಲೇ ಚರಂಡಿ ವಾಸನೆ ಬಂದರೆ ಗಾಬರಿ ಬೇಡ: ಟ್ರ್ಯಾಪಿನಲ್ಲಿ ನಿಂತಿರಬೇಕಾದ ನೀರು ಒಣಗಿರುತ್ತದೆ, ಅಷ್ಟೇ.

ಸ್ವಿಚ್‌ಬೋರ್ಡ್ ಒಂದೆರಡು ಬಿಚ್ಚಿಸಿ. ಹೊರಟುಹೋಗುವ ಸಿಟ್ಟಿಗೋ ಕಷ್ಟಕ್ಕೋ ತಾಮ್ರದ ತಂತಿ ಎಳೆದುಕೊಂಡು ಹೋಗಿರುವುದುಂಟು. ನಲ್ಲಿ, ಯುಪಿಎಸ್, ಸೋಲಾರ್, ಸಂಪಿನ ಮೋಟಾರು ಇವೆಯೇ ಎಣಿಸಿ. ಪ್ರಕಟಣೆಗೆ ಹಾಕಿದ ಹಳೆಯ ಫೋಟೊದಲ್ಲಿ ಇದ್ದುದೆಲ್ಲ ಈಗ ಇರಬೇಕೆಂದಿಲ್ಲ.

ಒಳಗೆ ಬಿಡದಿದ್ದರೆ

ಹೊರಗಿನಿಂದ ಕಾಣುವಷ್ಟನ್ನು ನೋಡಿ. ಪಕ್ಕದ ಮನೆಯ ತಾರಸಿಯಿಂದ, ಅವರನ್ನು ಕೇಳಿಕೊಂಡು, ಈ ತಾರಸಿ ನೋಡಬಹುದು. ಎದುರು ಮನೆಯ ಅಜ್ಜಿಗೆ ಮಳೆಗಾಲದಲ್ಲಿ ರಸ್ತೆಯ ನೀರು ಎಲ್ಲಿಗೆ ನುಗ್ಗುತ್ತದೆ, ಕಾವೇರಿ ನೀರು ದಿನಕ್ಕೆಷ್ಟು ಹೊತ್ತು ಬರುತ್ತದೆ, ಒಳಗಿರುವವರು ಬಾಡಿಗೆಯೋ ಭೋಗ್ಯವೋ ಎಲ್ಲ ಗೊತ್ತಿರುತ್ತದೆ. ಕಾಣದ ಭಾಗಕ್ಕೆ ಕೆಟ್ಟದ್ದನ್ನೇ ಲೆಕ್ಕ ಹಿಡಿಯಿರಿ: ಪೂರ್ತಿ ವೈರಿಂಗ್, ಪೂರ್ತಿ ಪ್ಲಂಬಿಂಗ್, ಎಲ್ಲ ಬಚ್ಚಲುಗಳ ನೆಲ ಕಿತ್ತು ಹಾಕುವ ಖರ್ಚು. ಸಾಂಕೇತಿಕ ಸ್ವಾಧೀನ, ಒಳಗೆ ಭೋಗ್ಯದಾರರು, ಕಾಣದ ಒಳಭಾಗ ಮೂರೂ ಸೇರಿದ ಮನೆಯನ್ನು, ವಾಸಕ್ಕೆ ಬೇಕೆನ್ನುವವರು ಬಿಟ್ಟುಬಿಡುವುದೇ ಲೇಸು. ಕಾಯುವ ಹಣವೂ ವ್ಯವಧಾನವೂ ಇರುವ ವ್ಯಾಪಾರಿಗಳಿಗೆ ಅದು ಸರಿ.

ಬಿಡ್‌ನ ಗೆರೆ

ಅಕ್ಕಪಕ್ಕದ ಅಂಥದೇ ಮನೆ ಈಗ ಎಷ್ಟಕ್ಕೆ ಕೈ ಬದಲಾಗುತ್ತಿದೆಯೋ ಅಲ್ಲಿಂದ ಶುರು ಮಾಡಿ. ಅದರಿಂದ ರಿಪೇರಿ ಅಂದಾಜು ಕಳೆಯಿರಿ, ಅಂದಾಜಿನ ಕಾಲುಭಾಗವನ್ನು ಮತ್ತೆ ಕಳೆಯಿರಿ. ಗೋಡೆ ಒಡೆದ ಮೇಲೆ ಹೊಸ ಕೆಲಸ ಕಾಣದ ಮನೆಯೇ ಇಲ್ಲ. ಬಾಕಿಗಳು, ಸ್ಟಾಂಪು–ನೋಂದಣಿ ಖರ್ಚು, ಸ್ವಾಧೀನ ಸಿಗುವವರೆಗಿನ ಬಾಡಿಗೆ ಮತ್ತು ಬಡ್ಡಿ ಕಳೆಯಿರಿ. ಉಳಿದದ್ದೇ ನಿಮ್ಮ ಗರಿಷ್ಠ ಬಿಡ್. ಅದು ಮೀಸಲು ಬೆಲೆಗಿಂತ ಕಡಿಮೆ ಬಂದರೆ ಇಎಂಡಿ ಕಟ್ಟಲೇಬೇಡಿ. ಬೆಲೆ 50 ಲಕ್ಷ ಅಥವಾ ಮೇಲಿದ್ದರೆ ಶೇ 1 ಟಿಡಿಎಸ್ (ಮೂಲದಲ್ಲೇ ಮುರಿದುಕೊಳ್ಳುವ ತೆರಿಗೆ) ಹಿಡಿದು ನೀವೇ ಕಟ್ಟಬೇಕು. ಯಾರ ಪ್ಯಾನ್ ನಮೂದಿಸಬೇಕೆಂದು ಬ್ಯಾಂಕಿನಿಂದ ಬರಹದಲ್ಲಿ ಪಡೆಯಿರಿ. ಗೃಹಸಾಲ ನೆಚ್ಚಿದವರು ಹರಾಜಿಗೆ ಮುಂಚೆಯೇ ಸಾಲ ಕೊಡುವ ಬ್ಯಾಂಕಿನ ಮಂಜೂರಾತಿ ಪತ್ರ ಕೈಯಲ್ಲಿಟ್ಟುಕೊಳ್ಳಲಿ. ಗೆದ್ದ ಮೇಲೆ ಅರ್ಜಿ ಹಾಕಿದರೆ 15 ದಿನ ಸಾಲುವುದಿಲ್ಲ.

ಕೀ ಕೈಗೆ ಬಂದ ದಿನ

ಪಂಚನಾಮೆಯ ಪ್ರತಿ ಪಡೆಯಿರಿ. ಹಳಬರ ಸಾಮಾನು ಒಳಗಿದ್ದರೆ ಬ್ಯಾಂಕಿನವರ ಎದುರಲ್ಲೇ ಪಟ್ಟಿ ಮಾಡಿಸಿ, ನೀವಾಗಿ ಹೊರಗೆ ಹಾಕಬೇಡಿ. ಮೀಟರ್ ಓದು ಕಾಣುವಂತೆ ವಿಡಿಯೊ ಮಾಡಿಕೊಂಡು, ಅಂದೇ ಬೀಗಗಳನ್ನು ಬದಲಾಯಿಸಿ. ಆಮೇಲೆ ಸಂಪು ತೊಳೆಸಿ ತುಂಬಿಸಿ, ನೀರಿನ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಮುಚ್ಚಳ ಹಾಕಿ 24 ಗಂಟೆ ಬಿಡಿ. ಮರುದಿನ ನೀರು ಗೆರೆಯಲ್ಲೇ ನಿಂತಿದ್ದರೆ ಮೋಟಾರು ಹಾಕಿಸಬಹುದು. ಇಳಿದಿದ್ದರೆ ಮೊದಲು ಸಂಪಿಗೆ ಮೇಸ್ತ್ರಿ ಬರಲಿ, ಪೇಂಟರ್ ಆಮೇಲೆ.