ಕರೆಂಟು ಹೋಗಿ ಅಪ್‌ಡೇಟ್ ಅರ್ಧಕ್ಕೇ ನಿಂತಿತೇ? ಫಾರ್ಮ್ಯಾಟ್ ಮಾಡಿಸಬೇಡಿ

ಮಳೆಗಾಲ ಶುರುವಾಯಿತು ಅಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಕರೆಂಟಿನ ಪಾಡು ಎಲ್ಲರಿಗೂ ಗೊತ್ತು. ಜೋರಾಗಿ ಒಂದು ಗಾಳಿ ಬೀಸಿದರೆ ಸಾಕು, ಎಲ್ಲೋ ಕಾಡಿನ ನಡುವೆ ಲೈನಿನ ಮೇಲೆ ಮರ ಬೀಳುತ್ತದೆ. ಆ ಹೊತ್ತಿಗೆ ಸರಿಯಾಗಿ ನಿಮ್ಮ ಲಿನಕ್ಸ್ ಕಂಪ್ಯೂಟರಿನಲ್ಲಿ ಅಪ್‌ಡೇಟ್ ನಡೆಯುತ್ತಿದ್ದರೆ ಅದು ಅರ್ಧಕ್ಕೇ ನಿಲ್ಲುತ್ತದೆ. ಕರೆಂಟು ಬಂದ ಮೇಲೆ ಆನ್ ಮಾಡಿದರೆ ಕಪ್ಪು ಪರದೆ, ಬಿಳಿ ಅಕ್ಷರ.

ಕಳೆದ ಮಳೆಗಾಲದಲ್ಲಿ ನಮ್ಮ ಸಂಬಂಧಿಕರೊಬ್ಬರಿಗೆ ಹೀಗೇ ಆಯಿತು. ಪೇಟೆಗೆ ಒಯ್ದರು. ಅಂಗಡಿಯಲ್ಲಿ ಫಾರ್ಮ್ಯಾಟ್ ಮಾಡಿ ಕೊಟ್ಟರು. ಚಾಲಿ, ರಾಶಿ ಅಡಿಕೆಯ ನಾಲ್ಕು ವರ್ಷದ ಲೆಕ್ಕ, ಆಳುಗಳ ಪಗಾರದ ಪಟ್ಟಿ, ಮಗಳ ಮದುವೆ ಫೋಟೊ, ಎಲ್ಲ ಹೋಯಿತು. ಎರಡು ಸಾಲು ಟೈಪ್ ಮಾಡಿದ್ದರೆ ಎಲ್ಲವೂ ಉಳಿಯುತ್ತಿತ್ತು. ಆ ಬೇಜಾರು ನನಗೆ ಇನ್ನೂ ಹೋಗಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

1993ರಲ್ಲಿ ಶುರುವಾದ ಡೆಬಿಯನ್, ಅದರ ಮೇಲೆ ಕಟ್ಟಿ 2004ರಲ್ಲಿ ಬಂದ ಉಬುಂಟು, ಉಬುಂಟುವಿನ ಮೇಲೆ ನಿಂತಿರುವ ಮಿಂಟ್, ಲಿನಕ್ಸಿನ ಈ ಮೂರು ಬಗೆಗೂ ರಿಪೇರಿ ಒಂದೇ. ಫೆಡೋರಾ ಇದ್ದವರಿಗೆ ಇದು ನಡೆಯುವುದಿಲ್ಲ, ಅದರ ದಾರಿ ಬೇರೆ.

ಕಮಾಂಡುಗಳನ್ನು ಫೋನಿನಲ್ಲಿ ಹೇಳುವ ಹಾಗೆ ಬರೆದಿದ್ದೇನೆ. ನೀವು ಟೈಪ್ ಮಾಡುವುದು ಇಂಗ್ಲಿಷಿನ ಚಿಕ್ಕ ಅಕ್ಷರಗಳಲ್ಲಿ. ಪದಗಳ ನಡುವೆ ಒಂದು ಸ್ಪೇಸ್ ಇರಲಿ. ಮೈನಸ್ ಗುರುತಿಗೂ ಅದರ ಮುಂದಿನ ಅಕ್ಷರಕ್ಕೂ ನಡುವೆ ಸ್ಪೇಸ್ ಬೇಡ. ಪದೇ ಪದೇ ಬರುವ ‘ಸುಡೊ’ ಅಂದರೆ ಎಸ್, ಯು, ಡಿ, ಒ. ‘ಆಪ್ಟ್’ ಅಂದರೆ ಎ, ಪಿ, ಟಿ.

ಮೊದಲು ಒಳಗೆ ಹೋಗಿ

ಡೆಸ್ಕ್‌ಟಾಪ್ ಬಂದರೆ ಕಂಟ್ರೋಲ್, ಆಲ್ಟ್, ಟಿ ಒಟ್ಟಿಗೆ ಒತ್ತಿ, ಟರ್ಮಿನಲ್, ಅಂದರೆ ಕಮಾಂಡು ಟೈಪ್ ಮಾಡುವ ಕಿಟಕಿ, ತೆರೆಯುತ್ತದೆ. ಡೆಬಿಯನ್ನಿನಲ್ಲಿ ಹಾಗೆ ತೆರೆಯದಿದ್ದರೆ ಮೆನುವಿನಲ್ಲಿ ಟರ್ಮಿನಲ್ ಹುಡುಕಿ. ಡೆಸ್ಕ್‌ಟಾಪ್ ಬರಲಿಲ್ಲ ಅಂದರೆ ಕಂಟ್ರೋಲ್, ಆಲ್ಟ್, ಎಫ್3 ಒತ್ತಿ, ನಿಮ್ಮ ಹೆಸರು ಮತ್ತು ಪಾಸ್‌ವರ್ಡ್ ಕೊಡಿ.

ಪಾಸ್‌ವರ್ಡ್ ಹೊಡೆಯುವಾಗ ಪರದೆ ಮೇಲೆ ಚುಕ್ಕಿಯೂ ಕಾಣದೇ ಇರಬಹುದು. ನನಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಇದೇ: ‘ಭಾವ, ಎಷ್ಟು ಒತ್ತಿದ್ರೂ ಎಂತದೂ ಕಾಣ್ತಿಲ್ಲೆ, ಈಗ ಎಂತ ಮಾಡವು?’ ಕಾಣದಿದ್ದರೂ ಅಕ್ಷರ ಒಳಗೆ ಹೋಗುತ್ತಿರುತ್ತದೆ. ಪೂರ್ತಿ ಟೈಪ್ ಮಾಡಿ ಎಂಟರ್ ಒತ್ತಿ.

ಅದಕ್ಕೂ ಮೊದಲೇ ‘ಕರ್ನಲ್ ಪ್ಯಾನಿಕ್’ ಅಂತ ಬಂದು ನಿಂತರೆ? ಕರ್ನಲ್ ಅಂದರೆ ಇಡೀ ಸಿಸ್ಟಮ್ಮನ್ನು ನಡೆಸುವ ಮೂಲ ಪ್ರೋಗ್ರಾಮು. ಹೊಸ ಕರ್ನಲ್ ಹಾಕುವಾಗ ಬೂಟ್ ಆಗಲು ಬೇಕಾದ ಇನಿಟ್‌ರ‍್ಯಾಮ್‌ಎಫ್‌ಎಸ್ ಅನ್ನುವ ಫೈಲು ಪೂರ್ತಿ ತಯಾರಾಗುವ ಮೊದಲೇ ಕರೆಂಟು ಹೋಗಿರುತ್ತದೆ, ಅಷ್ಟೇ. ಹಳೆಯ ಕರ್ನಲ್ ಸಾಮಾನ್ಯವಾಗಿ ಇನ್ನೂ ಅಲ್ಲೇ ಇರುತ್ತದೆ. ಮಷೀನ್ ಆನ್ ಆಗುವಾಗ ಎಸ್ಕೇಪ್ ಕೀ ಒತ್ತಿ, ಹಳೆಯ ಮಷೀನಾದರೆ ಶಿಫ್ಟ್ ಒತ್ತಿ ಹಿಡಿಯಿರಿ. ಒಂದು ಮೆನು ಬರುತ್ತದೆ. ‘ಅಡ್ವಾನ್ಸ್‌ಡ್ ಆಪ್ಷನ್ಸ್’ ಒಳಗೆ ಹೋಗಿ, ಮೊದಲ ಸಾಲಿಗಿಂತ ಕಡಿಮೆ ನಂಬರಿನ, ಅಂದರೆ ಹಳೆಯ ಕರ್ನಲ್ ಆರಿಸಿ. ‘ರಿಕವರಿ ಮೋಡ್’ ಅಂತ ಇರುವ ಸಾಲು ಬೇಡ. ಅದರಿಂದ ಒಳಗೆ ಬಂದು ಮುಂದಿನ ಕೆಲಸ ಮಾಡಿ.

ಡಿಸ್ಕಿನಲ್ಲಿ ಜಾಗ ಇದೆಯೇ ನೋಡಿ

ಡಿಎಫ್ -ಎಚ್

ಕೊನೆಯಲ್ಲಿ ಬರೀ ಒಂದು ಓರೆ ಗೆರೆ ಇರುವ ಸಾಲು ನೋಡಿ. ಅದರಲ್ಲಿ ನೂರು ಪರ್ಸೆಂಟ್ ಅಂತಿದ್ದರೆ ಯಾವ ರಿಪೇರಿಯೂ ಆಗುವುದಿಲ್ಲ. ‘ಸುಡೊ ಆಪ್ಟ್ ಕ್ಲೀನ್’ ಕೊಟ್ಟರೆ ಡೌನ್‌ಲೋಡ್ ಆಗಿ ಕೂತ ಹಳೆಯ ಪ್ಯಾಕೇಜುಗಳು, ಅಂದರೆ ಪ್ರೋಗ್ರಾಮಿನ ಕಟ್ಟುಗಳು, ಹೋಗುತ್ತವೆ. ‘ಸುಡೊ ಜರ್ನಲ್‌ಸಿಟಿಎಲ್ --ವ್ಯಾಕ್ಯೂಮ್-ಸೈಜ್=200ಎಂ’ ಕೊಟ್ಟರೆ ಹಳೆಯ ಲಾಗ್ ಕರಗಿ ಸುಮಾರು 200 ಎಂಬಿಗೆ ಬರುತ್ತದೆ. ಇದರಲ್ಲಿ ಕೊನೆಯ ಎಂ ಮಾತ್ರ ದೊಡ್ಡಕ್ಷರ. ವ್ಯಾಕ್ಯೂಮ್ ಅಂದರೆ ವಿ, ಎ, ಸಿ, ಯು, ಯು, ಎಂ. ‘ಒಂದೇ ಕ್ಲಿಕ್ಕಿನಲ್ಲಿ ಕ್ಲೀನ್’ ಅನ್ನುವ ಆ್ಯಪುಗಳನ್ನು ಹಾಕಲೇಬೇಡಿ. ಏನು ಅಳಿಸುತ್ತಿದೆ ಅಂತ ಅವು ಸರಿಯಾಗಿ ಹೇಳುವುದಿಲ್ಲ.

ಬೀಗದ ಫೈಲು ಅಳಿಸಬೇಡಿ

ಜನ ಜಾಸ್ತಿ ಎಡವುವುದು ಇಲ್ಲಿ. ಆಪ್ಟ್ ಕಮಾಂಡು ಕೊಟ್ಟಾಗ ಕೆಲವೊಮ್ಮೆ ‘ಕುಡ್ ನಾಟ್ ಗೆಟ್ ಲಾಕ್’, ಅಂದರೆ ಬೀಗ ಸಿಗಲಿಲ್ಲ ಅಂತ ಬರುತ್ತದೆ. ಕೂಡಲೇ ಯಾರೋ ಹೇಳಿದ್ದು ಕೇಳಿ ಆ ಲಾಕ್ ಫೈಲನ್ನು ಅಳಿಸುತ್ತಾರೆ. ಇದು ಅಡ್ಡದಾರಿ, ಅಪಾಯದ್ದು.

ಬೀಗ ಅಂದರೆ ಆ ಫೈಲಲ್ಲ. ಒಂದು ಪ್ರೋಗ್ರಾಮು ಆ ಫೈಲನ್ನು ಹಿಡಿದುಕೊಂಡಿದೆ ಅಂತ ಕರ್ನಲ್ ನೆನಪಿಟ್ಟುಕೊಳ್ಳುತ್ತದಲ್ಲ, ಅದು ಬೀಗ. ಕರೆಂಟು ಹೋದಾಗಲೇ ಹಳೆಯ ಬೀಗ ತಾನಾಗಿ ತೆರೆದುಹೋಗಿರುತ್ತದೆ. ಈಗಲೂ ಬೀಗ ಕಾಣುತ್ತಿದೆ ಅಂದರೆ ಈಗಲೇ ಯಾರೋ ಒಳಗೆ ಕೆಲಸ ಮಾಡುತ್ತಿದ್ದಾರೆ ಅಂತ ಅರ್ಥ. ಉಬುಂಟು ಆನ್ ಆದ ಸ್ವಲ್ಪ ಹೊತ್ತಿಗೆ ತಾನಾಗಿಯೇ ಸೆಕ್ಯುರಿಟಿ ಅಪ್‌ಡೇಟ್ ಶುರು ಮಾಡುವುದುಂಟು. ಆಗ ಫೈಲು ಅಳಿಸಿ ನೀವೂ ಶುರು ಮಾಡಿದರೆ ಒಂದೇ ಲೆಕ್ಕದ ಪುಸ್ತಕದಲ್ಲಿ ಇಬ್ಬರು ಒಟ್ಟಿಗೆ ಬರೆದ ಹಾಗಾಗುತ್ತದೆ. ಆಮೇಲಿನ ಗೋಜಲು ಬಿಡಿಸುವುದು ನಿಜಕ್ಕೂ ಕಷ್ಟ. ಹತ್ತು–ಹದಿನೈದು ನಿಮಿಷ ಕಾಯಿರಿ, ಚಾ ಕುಡಿದು ಬನ್ನಿ.

ಎರಡು ಸಾಲಿನ ರಿಪೇರಿ

ಪ್ಯಾಕೇಜು ಕೂರುವುದು ಎರಡು ಹಂತದಲ್ಲಿ. ಮೊದಲು ಸಾಮಾನು ಬಿಚ್ಚಿ ಇಳಿಸುವುದು, ಆಮೇಲೆ ಜೋಡಿಸುವುದು. ಯಾವುದು ಎಲ್ಲಿಗೆ ನಿಂತಿದೆ ಅಂತ ಡಿಪಿಕೆಜಿ, ಅಂದರೆ ಪ್ಯಾಕೇಜು ಕೂರಿಸುವ ಪ್ರೋಗ್ರಾಮು, ಬರೆದಿಟ್ಟುಕೊಂಡಿರುತ್ತದೆ. ಹಾಗಾಗಿ ಬಿಟ್ಟಲ್ಲಿಂದ ಮುಂದುವರಿಸು ಅಂದರೆ ಅದಕ್ಕೆ ತಿಳಿಯುತ್ತದೆ.

ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ

ಕಾನ್ಫಿಗರ್ ಅಂದರೆ ಸಿ, ಒ, ಎನ್, ಎಫ್, ಐ, ಜಿ, ಯು, ಆರ್, ಇ. ಅದರ ಹಿಂದೆ ಎರಡು ಮೈನಸ್. ಕೊನೆಯ ಎ ಹಿಂದೆ ಒಂದೇ.

‘ಸೆಟ್ಟಿಂಗ್ ಅಪ್’ ಅಂತ ಸಾಲುಗಳು ಓಡುತ್ತವೆ. ಇನಿಟ್‌ರ‍್ಯಾಮ್‌ಎಫ್‌ಎಸ್ ಅನ್ನುವ ಸಾಲಿನಲ್ಲಿ ಹಳೆಯ ಹಾರ್ಡ್ ಡಿಸ್ಕ್ ಇದ್ದರೆ ಕೆಲವು ನಿಮಿಷ ಅಲ್ಲಾಡದೆ ನಿಲ್ಲುತ್ತದೆ. ಹ್ಯಾಂಗ್ ಆಯಿತು ಅಂತ ಸ್ವಿಚ್ ತೆಗೆಯಬೇಡಿ. ಸಂದೇಶವನ್ನು ಕಾಪಿ ಮಾಡಲು ಹೋಗಿ ಕಂಟ್ರೋಲ್ ಸಿ ಕೂಡ ಒತ್ತಬೇಡಿ. ಟರ್ಮಿನಲ್ಲಿನಲ್ಲಿ ಅದು ಕಾಪಿ ಅಲ್ಲ, ನಡೆಯುತ್ತಿರುವ ಕೆಲಸವನ್ನೇ ನಿಲ್ಲಿಸುವ ಕೀ. ಕಾಪಿಗೆ ಜೊತೆಯಲ್ಲಿ ಶಿಫ್ಟೂ ಬೇಕು. ಒಬ್ಬ ಹುಡುಗ ಹೀಗೆ ಕಂಟ್ರೋಲ್ ಸಿ ಒತ್ತಿ ಸರಿಯಾಗುತ್ತಿದ್ದ ಮಷೀನನ್ನು ಎರಡು ಸಲ ಕೆಡಿಸಿಕೊಂಡಿದ್ದನ್ನು ನಾನೇ ನೋಡಿದ್ದೇನೆ.

ನಡುವೆ ಸೆಟ್ಟಿಂಗ್ ಫೈಲು ಹಳೆಯದೇ ಇರಲೋ ಹೊಸದು ಹಾಕಲೋ ಅಂತ ಕೇಳಬಹುದು. ಸುಮ್ನೆ ಎಂಟರ್ ಒತ್ತಿ, ಹಳೆಯದೇ ಉಳಿಯುತ್ತದೆ. ಅದು ಮುಗಿದ ಮೇಲೆ ಎರಡನೇ ಸಾಲು:

ಸುಡೊ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್

ಇದು ಬೇಕಾದ, ಬೇಡದ ಪ್ಯಾಕೇಜುಗಳ ಪಟ್ಟಿ ಕೊಟ್ಟು ಒಪ್ಪಿಗೆ ಕೇಳುತ್ತದೆ. ಕಣ್ಣುಮುಚ್ಚಿ ವೈ ಒತ್ತಬೇಡಿ. ‘ರಿಮೂವ್ಡ್’ ಅಂತ, ಹೊಸ ಆವೃತ್ತಿಗಳಲ್ಲಿ ‘ರಿಮೂವಿಂಗ್’ ಅಂತ, ದೊಡ್ಡಕ್ಷರದಲ್ಲಿ ಇರುವ ಪಟ್ಟಿ ಓದಿ. ಅಲ್ಲಿ ‘ಡೆಸ್ಕ್‌ಟಾಪ್’ ಅನ್ನುವ ಪದ ಕಂಡರೆ ಎನ್ ಒತ್ತಿ ನಿಲ್ಲಿಸಿ, ಗೊತ್ತಿದ್ದವರಿಗೆ ಫೋಟೊ ಕಳಿಸಿ ಕೇಳಿ. ಹಾಗೇನೂ ಇಲ್ಲದಿದ್ದರೆ ಮುಂದುವರಿಯಿರಿ.

ಮುಂದಿನ ಸಲ ಹೀಗೆ ಮಾಡಿ

ಅಪ್‌ಡೇಟನ್ನು ಎರಡು ತುಂಡು ಮಾಡಿ. ನೆಟ್‌ವರ್ಕ್ ಇದ್ದಾಗ ‘ಸುಡೊ ಆಪ್ಟ್ ಅಪ್‌ಡೇಟ್’ ಕೊಟ್ಟು, ಆಮೇಲೆ ‘ಸುಡೊ ಆಪ್ಟ್ ಅಪ್‌ಗ್ರೇಡ್ -ಡಿ’ ಕೊಡಿ. ಆ ಡಿ ಇದ್ದರೆ ಬರೀ ಡೌನ್‌ಲೋಡ್. ನಡುವೆ ಕರೆಂಟು ಹೋದರೂ ಏನೂ ಕೆಡುವುದಿಲ್ಲ, ಮತ್ತೆ ಕೊಟ್ಟರೆ ಉಳಿದದ್ದನ್ನು ತರುತ್ತದೆ. ಕರೆಂಟು ಗಟ್ಟಿ ಇರುವ ಹೊತ್ತು ನೋಡಿ, ಲ್ಯಾಪ್‌ಟಾಪಾದರೆ ಬ್ಯಾಟರಿ ತುಂಬಿದಾಗ, ಡಿ ಬಿಟ್ಟು ಅದೇ ಸಾಲು ಕೊಡಿ. ಡೆಸ್ಕ್‌ಟಾಪಿಗೆ ಯುಪಿಎಸ್ ಬೇಕೇಬೇಕು. ವರ್ಷಗಟ್ಟಲೆ ಬ್ಯಾಟರಿ ಬದಲಿಸದ, ಪ್ಲಗ್ ತೆಗೆದರೆ ಒಂದು ನಿಮಿಷವೂ ನಿಲ್ಲದ ಯುಪಿಎಸ್ ಇದ್ದೂ ಇಲ್ಲದ ಹಾಗೆ.

ಮನೆ ಮಷೀನಿಗೆ ಆರು ತಿಂಗಳಿಗೊಮ್ಮೆ ಬರುವ ಉಬುಂಟು ಬೇಡ. ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುವ, ಐದು ವರ್ಷ ನಡೆಯುವ ಎಲ್‌ಟಿಎಸ್ ಹಾಕಿ. ಹಳೆಯ ಮಷೀನಿಗೆ ಎಕ್ಸ್‌ಎಫ್‌ಸಿಇ ಅನ್ನುವ ಹಗುರ ಡೆಸ್ಕ್‌ಟಾಪ್ ಇರುವ ಮಿಂಟ್ ಒಳ್ಳೆಯದು.

ಇನ್ನೊಂದು ಸಣ್ಣ ಉಪಾಯ: ಹಿಂದೆ ಕೊಟ್ಟ ಕಮಾಂಡಿಗೆ ಮೇಲಿನ ಬಾಣದ ಕೀ, ಅರ್ಧ ಹೆಸರು ಪೂರ್ತಿ ಮಾಡಲು ಟ್ಯಾಬ್. ತಪ್ಪು ಅಕ್ಷರಗಳು ಅರ್ಧಕ್ಕರ್ಧ ಕಡಿಮೆಯಾಗುತ್ತವೆ.

ರಿಪೇರಿ ಆಯಿತೋ ಇಲ್ಲವೋ ನೋಡಲು ‘ಸುಡೊ ಡಿಪಿಕೆಜಿ --ಆಡಿಟ್’ ಕೊಡಿ. ಎ, ಯು, ಡಿ, ಐ, ಟಿ. ಏನೂ ಬರದೆ ಕರ್ಸರ್ ಸುಮ್ಮನೆ ಕೆಳಗಿಳಿದರೆ ಅರ್ಧಕ್ಕೆ ನಿಂತದ್ದು ಯಾವುದೂ ಇಲ್ಲ. ಒಮ್ಮೆ ರೀಸ್ಟಾರ್ಟ್ ಮಾಡಿ. ಹೊಸ ಕರ್ನಲ್‌ನಲ್ಲೇ ಒಳಗೆ ಬಂದ ಮೇಲೆ ಮಾತ್ರ ‘ಸುಡೊ ಆಪ್ಟ್ ಆಟೊರಿಮೂವ್’ ಕೊಟ್ಟು ಹಳೆಯದನ್ನು ತೆಗೆಯಿರಿ. ಅಲ್ಲಿಯ ತನಕ ಹಳೆಯ ಕರ್ನಲ್ ಇರಲಿ.