ಗಾಳಿಯಲ್ಲಿರುವ ಪಾದರಸ ಅಳೆಯುವುದು ಹೇಗೆ: ಹೊಸದಾಗಿ ಶುರು ಮಾಡುವವರಿಗೆ

ಗಾಳಿಯಲ್ಲಿನ ಪಾದರಸದ ಮೇಲೆ ಸಂಶೋಧನೆ ಮಾಡಲು ಹೊರಟವರು ಮೊದಲು ಕೇಳುವುದು ಯಾವ ಯಂತ್ರ ಕೊಳ್ಳಬೇಕು ಅಂತ. ಅದು ಆಮೇಲಿನ ಮಾತು. ಅಳೆಯಬೇಕಾದದ್ದು ಎಷ್ಟು ಕಡಿಮೆ ಇರುತ್ತದೆ ಅನ್ನುವುದು ಮೊದಲು ತಲೆಗೆ ಹೋಗಬೇಕು. ಉತ್ತರ ಗೋಳಾರ್ಧದಲ್ಲಿ ಊರು, ಕಾರ್ಖಾನೆಗಳಿಂದ ದೂರದ ಜಾಗದಲ್ಲಿ ಒಂದು ಘನ ಮೀಟರ್ ಗಾಳಿಗೆ ಸುಮಾರು 1.5 ನ್ಯಾನೋಗ್ರಾಂ ಪಾದರಸ ಸಿಗುತ್ತದೆ. ದಕ್ಷಿಣ ಗೋಳಾರ್ಧದಲ್ಲಿ 1ರ ಆಸುಪಾಸು. ನ್ಯಾನೋಗ್ರಾಂ ಅಂದರೆ ಒಂದು ಗ್ರಾಮಿನ ನೂರು ಕೋಟಿ ಪಾಲಿನಲ್ಲಿ ಒಂದು. ಇಷ್ಟು ಸಣ್ಣ ಮೊತ್ತ ಅಂದಮೇಲೆ ಪರದೆ ಮೇಲೆ ಬಂದ ಸಂಖ್ಯೆ ಗಾಳಿಯದ್ದೋ, ಕೊಳವೆಯದ್ದೋ, ನಿಮ್ಮ ಕೈಗವಸಿನದ್ದೋ ಅಂತ ಪತ್ತೆ ಹಚ್ಚುವುದೇ ಈ ಕೆಲಸದ ಮುಕ್ಕಾಲು ಪಾಲು.

ಇಷ್ಟು ಕಡಿಮೆ ಇರೋದಕ್ಕೆ ತಲೆ ಯಾಕೆ ಕೆಡಿಸಿಕೊಳ್ಳಬೇಕು ಅಂತ ಅನ್ನಿಸಬಹುದು. ಉಸಿರಾಟದ ಲೆಕ್ಕದಲ್ಲಿ ನೋಡಿದರೆ ಆ ಮಾತು ಸರಿಯೇ. ಜೀವಮಾನವಿಡೀ ಉಸಿರಾಡಿದರೂ ತೊಂದರೆಯಾಗದು ಅಂತ ಅಮೆರಿಕದ ಪರಿಸರ ಸಂಸ್ಥೆ ಇಟ್ಟುಕೊಂಡಿರುವ ಮಟ್ಟ ಘನ ಮೀಟರ್‌ಗೆ 300 ನ್ಯಾನೋಗ್ರಾಂ. ತೊಂದರೆ ಬರುವುದು ಬೇರೆ ದಾರಿಯಲ್ಲಿ. ಗಾಳಿಯಲ್ಲಿದ್ದದ್ದು ಮಳೆಯಲ್ಲಿ, ಎಲೆಯಲ್ಲಿ ನೆಲಕ್ಕೂ ನೀರಿಗೂ ಇಳಿಯುತ್ತದೆ. ಕೆರೆ, ಸಮುದ್ರಗಳಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಮೀಥೈಲ್ ಮರ್ಕ್ಯುರಿ ಅನ್ನುವ ವಿಷಕಾರಿ ರೂಪಕ್ಕೆ ತಿರುಗಿಸುತ್ತವೆ. ಅದು ಸಣ್ಣ ಮೀನಿನಿಂದ ದೊಡ್ಡ ಮೀನಿಗೆ, ದೊಡ್ಡ ಮೀನಿನಿಂದ ನಮ್ಮ ತಟ್ಟೆಗೆ ಬರುವಷ್ಟರಲ್ಲಿ ನೀರಿನಲ್ಲಿದ್ದದ್ದಕ್ಕಿಂತ ಲಕ್ಷಗಟ್ಟಲೆ ಪಟ್ಟು ಹೆಚ್ಚಾಗಿರುತ್ತದೆ. ಹಾಗಾಗಿ ನಿಮ್ಮ ಪ್ರಶ್ನೆ "ಎಷ್ಟಿದೆ" ಅನ್ನುವುದಕ್ಕೇ ನಿಲ್ಲಬಾರದು. ಎಲ್ಲಿಂದ ಬರುತ್ತಿದೆ, ಎಲ್ಲಿ ಇಳಿಯುತ್ತಿದೆ ಅಂತಲೂ ಕೇಳಬೇಕು.

ಯಾವ ರೂಪ ಅಳೆಯುತ್ತೀರಿ ಅನ್ನುವುದನ್ನೂ ಮೊದಲೇ ಗಟ್ಟಿ ಮಾಡಿಕೊಳ್ಳಿ. ಗಾಳಿಯಲ್ಲಿರುವುದರಲ್ಲಿ ಶೇ. 95ಕ್ಕೂ ಜಾಸ್ತಿ ಸಾಮಾನ್ಯವಾಗಿ ಶುದ್ಧ ಪಾದರಸದ ಆವಿ. ಇದು ತಿಂಗಳುಗಟ್ಟಲೆ ಗಾಳಿಯಲ್ಲೇ ಇದ್ದು ಖಂಡಗಳನ್ನು ದಾಟುತ್ತದೆ. ಉಳಿದದ್ದು ಆಕ್ಸಿಡೀಕರಣವಾದ ಅನಿಲ ಮತ್ತು ಧೂಳಿನ ಕಣಕ್ಕೆ ಅಂಟಿಕೊಂಡ ಪಾದರಸ. ಇವು ಬೇಗ ಕೆಳಗಿಳಿಯುತ್ತವೆ. ಹೊಸಬರಾದರೆ ಆವಿಯಿಂದಲೇ ಶುರು ಮಾಡಿ. ಉಳಿದ ಎರಡು ಪಿಕೋಗ್ರಾಂ (ನ್ಯಾನೋಗ್ರಾಮಿನ ಸಾವಿರದಲ್ಲೊಂದು ಪಾಲು) ಲೆಕ್ಕದವು, ಅನುಭವಿಗಳಿಗೂ ನೀರು ಕುಡಿಸುತ್ತವೆ. ಆಕ್ಸಿಡೀಕರಣವಾದ ಅನಿಲ ಹಿಡಿಯಲು ಬಹಳ ವರ್ಷ ಬಳಸಿದ್ದು ಪೊಟ್ಯಾಸಿಯಂ ಕ್ಲೋರೈಡ್ ಲೇಪಿಸಿದ ಕೊಳವೆ. ಗಾಳಿಯಲ್ಲಿ ಓಝೋನ್, ತೇವಾಂಶ ಇದ್ದರೆ ಅದು ಹಿಡಿದದ್ದನ್ನೇ ಬಿಟ್ಟುಬಿಡುತ್ತದೆ ಅಂತ ಆಮೇಲೆ ಗೊತ್ತಾಯಿತು. ಹಾಗಾಗಿ ಹಳೆಯ ಡೇಟಾದಲ್ಲಿನ ಆ ಸಂಖ್ಯೆಗಳನ್ನು ಕನಿಷ್ಠ ಮಿತಿ ಅಂತ ಓದಿಕೊಳ್ಳುವುದು ಒಳ್ಳೆಯದು.

ದುಡ್ಡು ಕಡಿಮೆ, ಜಾಗಗಳು ಜಾಸ್ತಿ ಅಂದರೆ ಪ್ಯಾಸಿವ್ ಸ್ಯಾಂಪ್ಲರ್ ಸಾಕು. ಒಳಗೆ ಗಂಧಕ ಬೆರೆಸಿದ ಇದ್ದಿಲಿನ ಪುಡಿ ಇರುತ್ತದೆ. ಪಂಪ್ ಬೇಡ, ಕರೆಂಟ್ ಬೇಡ. ಪಾದರಸ ತಾನಾಗಿ ಒಳಗೆ ಹರಡಿಕೊಂಡು ಹೋಗಿ ಗಂಧಕಕ್ಕೆ ಅಂಟಿಕೊಳ್ಳುತ್ತದೆ. ಚಿಕ್ಕ ಲೆಕ್ಕ ಮಾಡಿ ನೋಡಿ. ಇದು ದಿನಕ್ಕೆ 0.12 ಘನ ಮೀಟರ್‌ನಷ್ಟು ಗಾಳಿಯ ಪಾದರಸ ಹಿಡಿಯುತ್ತದೆ ಅಂದುಕೊಂಡರೆ 30 ದಿನಕ್ಕೆ 3.6 ಘನ ಮೀಟರ್ ಆಯಿತು. 1.5 ನ್ಯಾನೋಗ್ರಾಂನಂತೆ ಕೈಗೆ ಸಿಗುವುದು ಬರೀ 5.4 ನ್ಯಾನೋಗ್ರಾಂ. ಗಾಳಿಗೆ ತೆರೆಯದೇ ಇಟ್ಟ ಖಾಲಿ ಸ್ಯಾಂಪ್ಲರ್‌ನಲ್ಲೇ, ಅಂದರೆ ಬ್ಲ್ಯಾಂಕ್‌ನಲ್ಲೇ, 1 ನ್ಯಾನೋಗ್ರಾಂ ಬಂದುಬಿಟ್ಟರೆ ನಿಮ್ಮ ಫಲಿತಾಂಶದ ಐದರಲ್ಲಿ ಒಂದು ಪಾಲು ಸುಳ್ಳು. ಅದಕ್ಕೇ ಪ್ರತಿ ಸಲವೂ ಕೆಲವು ಬ್ಲ್ಯಾಂಕ್‌ಗಳನ್ನು ಜಾಗಕ್ಕೆ ಒಯ್ದು, ಮುಚ್ಚಳ ತೆಗೆದು ತಕ್ಷಣ ಮುಚ್ಚಿ, ಉಳಿದವುಗಳ ಜೊತೆಗೇ ವಾಪಸ್ ತನ್ನಿ. ಬ್ಲ್ಯಾಂಕ್ ಜಾಸ್ತಿ ಬಂತೋ, ಸ್ಯಾಂಪ್ಲರ್ ಅನ್ನು ಒಂದರ ಬದಲು ಎರಡು ಮೂರು ತಿಂಗಳು ಬಿಡಿ. ಗಂಟೆಗಂಟೆಯ ಏರಿಳಿತ ಮಾತ್ರ ಇದರಲ್ಲಿ ಸಿಗುವುದಿಲ್ಲ.

ಅದು ಬೇಕೇ ಬೇಕು ಅಂದರೆ ಚಿನ್ನದ ಬಲೆ ಇರುವ ಯಂತ್ರ ಬೇಕು. ಪಾದರಸಕ್ಕೂ ಚಿನ್ನಕ್ಕೂ ಹಳೆಯ ನಂಟು, ಎರಡೂ ಸೇರಿದರೆ ಮಿಶ್ರಲೋಹ ಆಗುತ್ತದೆ. ಸಣ್ಣ ಗಣಿಗಳಲ್ಲಿ ಮಣ್ಣಿನಿಂದ ಚಿನ್ನ ತೆಗೆಯಲು ಪಾದರಸ ಬಳಸುವುದೂ ಇದೇ ಗುಣಕ್ಕೆ. ವಿಶ್ವಸಂಸ್ಥೆಯ ಅಂದಾಜಿನಂತೆ 2015ರಲ್ಲಿ ಮನುಷ್ಯರಿಂದ ಗಾಳಿಗೆ ಸೇರಿದ ಸುಮಾರು 2,220 ಟನ್‌ನಲ್ಲಿ ಶೇ. 38ರಷ್ಟು ಈ ಗಣಿಗಳದ್ದೇ. ಕಲ್ಲಿದ್ದಲು ಸುಡುವುದರ ಪಾಲು ಶೇ. 21. ಯಂತ್ರದೊಳಗೆ ಇದೇ ಆಟ ಸಣ್ಣದಾಗಿ ನಡೆಯುತ್ತದೆ. ಐದು ನಿಮಿಷದಲ್ಲಿ ಏಳೂವರೆ ಲೀಟರ್ ಗಾಳಿ ಚಿನ್ನದ ಮೇಲೆ ಹಾಯುತ್ತದೆ, ಸುಮಾರು 11 ಪಿಕೋಗ್ರಾಂ ಪಾದರಸ ಅಂಟಿಕೊಳ್ಳುತ್ತದೆ, ಆಮೇಲೆ ಚಿನ್ನ ಕಾಯಿಸಿ ಅದನ್ನು ಬಿಡಿಸಿ, 253.7 ನ್ಯಾನೋಮೀಟರ್‌ನ ನೇರಳಾತೀತ ಬೆಳಕು ಬಿಟ್ಟು, ಪಾದರಸ ಎಷ್ಟು ಹೊಳೆಯುತ್ತದೆ ಅಂತ ಯಂತ್ರ ನೋಡುತ್ತದೆ. ಬಲೆಗಳು ಎರಡು ಇರುತ್ತವೆ, ಎ ಮತ್ತು ಬಿ. ಒಂದು ಗಾಳಿ ಎಳೆಯುವಾಗ ಇನ್ನೊಂದು ಬಿಸಿಯಾಗಿ ಹಿಡಿದದ್ದನ್ನು ಬಿಡುತ್ತದೆ.

ಈ ಎರಡು ಬಲೆಗಳನ್ನು ದಿನಾ ಹೋಲಿಸಿ ನೋಡಿ. ಗ್ರಾಫ್ ಗರಗಸದ ಹಲ್ಲಿನ ಹಾಗೆ ಒಂದು ಮೇಲೆ ಒಂದು ಕೆಳಗೆ ಬರುತ್ತಿದ್ದರೆ ಅದು ಗಾಳಿಯ ಬದಲಾವಣೆಯಲ್ಲ. ಐದು ನಿಮಿಷಕ್ಕೊಮ್ಮೆ ಸರಿಯಾಗಿ ಏರಿ ಇಳಿಯುವ ಗಾಳಿ ಎಲ್ಲಿದೆ? ಒಂದು ಬಲೆ ಸೋತಿದೆ ಅಂತ ಅರ್ಥ. ಗಾಳಿಯಲ್ಲಿನ ಆಮ್ಲೀಯ ಅನಿಲಗಳು ಚಿನ್ನದ ಮೇಲೆ ಕೂತು ಅದರ ಹಿಡಿತ ಕೆಡಿಸುತ್ತವೆ. ಒಳಗೆ ಬರುವ ದಾರಿಯಲ್ಲಿ ಆ ಅನಿಲಗಳನ್ನು ಹೀರುವ ಸೋಡಾ ಲೈಮ್ ಹಾಕಿ, ಅದನ್ನು ಆಗಾಗ ಬದಲಾಯಿಸಿದರೆ ಅರ್ಧ ತಲೆನೋವು ಕಡಿಮೆ.

ಕ್ಯಾಲಿಬ್ರೇಶನ್, ಅಂದರೆ ಗೊತ್ತಿರುವಷ್ಟು ಪಾದರಸ ಕೊಟ್ಟು ಅಳತೆ ಸರಿನೋಡುವ ಕೆಲಸ, ಯಂತ್ರ ತಾನೇ ಮಾಡಿಕೊಳ್ಳುತ್ತದೆ ಅಂತ ಸುಮ್ನೆ ಕೂರಬೇಡಿ. ಸಿರಿಂಜ್‌ನಲ್ಲಿ ಕೈಯಾರೆ ಮಾಡಿ ಖಚಿತಪಡಿಸಿಕೊಳ್ಳಿ. ಮುಚ್ಚಿದ ಬಾಟಲಿಯಲ್ಲಿ ಪಾದರಸದ ಹನಿ ಇಟ್ಟರೆ ಒಳಗಿನ ಗಾಳಿ ಆವಿಯಿಂದ ತುಂಬಿಕೊಳ್ಳುತ್ತದೆ. 20 ಡಿಗ್ರಿಯಲ್ಲಿ ಪ್ರತಿ ಮಿಲಿಲೀಟರ್‌ಗೆ ಸುಮಾರು 13 ನ್ಯಾನೋಗ್ರಾಂ. ಯಂತ್ರ ಒಂದು ಸಲಕ್ಕೆ ಗಾಳಿಯಿಂದ ಹಿಡಿಯುವುದಕ್ಕಿಂತ ಇದು ಸಾವಿರ ಪಟ್ಟಿಗೂ ಹೆಚ್ಚು! ಅದಕ್ಕೇ ಬಾಟಲಿಯನ್ನು ತಣ್ಣಗಿಟ್ಟು ಕೆಲವೇ ಮೈಕ್ರೋಲೀಟರ್ ತೆಗೆಯುತ್ತಾರೆ. ಉಷ್ಣಾಂಶ ಒಂದು ಡಿಗ್ರಿ ತಪ್ಪಿದರೆ ಉತ್ತರ ಶೇ. 8ರಷ್ಟು ತಪ್ಪುತ್ತದೆ, ಹಾಗಾಗಿ ಬಾಟಲಿಯೊಳಗಿನ ಥರ್ಮಾಮೀಟರ್ ಮೇಲೆ ದುಡ್ಡು ಸುರಿಯಲು ಹಿಂದೆಮುಂದೆ ನೋಡಬೇಡಿ. ಆ ಬಾಟಲಿಯನ್ನು ಸ್ಯಾಂಪ್ಲರ್ ಇಡುವ ಕೋಣೆಯಲ್ಲಿ ತೆರೆಯಲೇಬೇಡಿ. ಹಿಂದೆ ಯಾವಾಗಲೋ ಪಾದರಸದ ಥರ್ಮಾಮೀಟರ್ ಒಡೆದ ಪ್ರಯೋಗಾಲಯವೂ ಬೇಡ, ನೆಲದ ಬಿರುಕಿನಲ್ಲಿ ಉಳಿದದ್ದು ವರ್ಷಗಟ್ಟಲೆ ಆವಿಯಾಗುತ್ತಲೇ ಇರುತ್ತದೆ. ಹಲ್ಲಿಗೆ ಬೆಳ್ಳಿ ಬಣ್ಣದ ಅಮಾಲ್ಗಂ ತುಂಬಿಸಿಕೊಂಡವರ ಉಸಿರಲ್ಲೂ ಪಾದರಸ ಇರುತ್ತದೆ, ಅಂಥವರು ತೆರೆದ ಸ್ಯಾಂಪಲ್ ಮೇಲೆ ಬಗ್ಗಿ ಮಾತಾಡದಿರುವುದು ವಾಸಿ. ತಮಾಷೆ ಅನ್ನಿಸಬಹುದು, ಆದರೆ ನಿಜ.

ಸಂಖ್ಯೆ ಬಂದಮೇಲೆ ಅದನ್ನು ಒಂಟಿಯಾಗಿ ಓದಬೇಡಿ. ಗಾಳಿಯ ದಿಕ್ಕು, ವೇಗ, ಓಝೋನ್, ಕಾರ್ಬನ್ ಮೊನಾಕ್ಸೈಡ್ ಜೊತೆಗೇ ಇರಲಿ. ಪಾದರಸದ ಜೊತೆ ಕಾರ್ಬನ್ ಮೊನಾಕ್ಸೈಡ್ ಕೂಡ ಏರಿದರೆ ಏನೋ ಉರಿಯುತ್ತಿದೆ ಅನ್ನುವ ಸುಳಿವು. ಅದು ಏರದೆ ಪಾದರಸ ಮಾತ್ರ ಏರಿದರೆ ಮಣ್ಣು, ಗಣಿ, ಇಲ್ಲವೇ ನಿಮ್ಮದೇ ಕಟ್ಟಡದ ಕಡೆ ಅನುಮಾನ ತಿರುಗಿಸಿ. ಗಾಳಿ ಹಿಂದಿನ ದಿನಗಳಲ್ಲಿ ಯಾವ ದಾರಿಯಲ್ಲಿ ಬಂತು ಅಂತ ನೋಡಲು ಹೈಸ್ಪ್ಲಿಟ್ ಅನ್ನುವ ಕಂಪ್ಯೂಟರ್ ಮಾದರಿ ಇದೆ, ಅಂತರ್ಜಾಲದಲ್ಲಿ ಪುಕ್ಕಟೆ. ವರ್ಷದ ಲಯವೂ ಇದೆ. ಗಿಡಮರಗಳು ಎಲೆಯ ಮೂಲಕ ಪಾದರಸದ ಆವಿ ಹೀರುವುದರಿಂದ ಉತ್ತರ ಗೋಳಾರ್ಧದ ಬಹಳ ಕಡೆ ಬೇಸಿಗೆಯ ಕೊನೆಗೆ ಮಟ್ಟ ಇಳಿಯುತ್ತದೆ.

ತೀರಾ ಕಡಿಮೆ ಬಂದ ಸಂಖ್ಯೆಗಳನ್ನು "ಯಂತ್ರ ಕೆಟ್ಟಿತ್ತು" ಅಂತ ಅಳಿಸುವ ಅಭ್ಯಾಸ ಮಾತ್ರ ಬೇಡ. 1995ರಲ್ಲಿ ಕೆನಡಾದ ಉತ್ತರ ತುದಿಯ ಅಲರ್ಟ್‌ನಲ್ಲಿ ವಿಲಿಯಂ ಶ್ರೋಡರ್ ಮತ್ತು ಸಂಗಡಿಗರ ಅಳತೆಯಲ್ಲಿ ವಸಂತದಲ್ಲಿ ಪಾದರಸ ಮತ್ತೆ ಮತ್ತೆ ಕುಸಿಯಿತು, ಕೆಲವೊಮ್ಮೆ ಸೊನ್ನೆಯ ಹತ್ತಿರಕ್ಕೇ. ಯಾರಿಗಾದರೂ ಅನುಮಾನ ಬರುವಂಥದ್ದೇ, ಅಲ್ವಾ? ಆದರೆ ಅದೇ ಹೊತ್ತಿಗೆ ಓಝೋನ್ ಕೂಡ ಕುಸಿಯುತ್ತಿತ್ತು. ಧ್ರುವದ ಚಳಿಗಾಲ ಮುಗಿದು ಸೂರ್ಯ ಬಂದಾಗ ಸಮುದ್ರದ ಉಪ್ಪಿನಿಂದ ಏಳುವ ಬ್ರೋಮಿನ್ ಎರಡನ್ನೂ ಗಾಳಿಯಿಂದ ಕಿತ್ತುಹಾಕುತ್ತದೆ, ಪಾದರಸ ಬೇಗ ಇಳಿಯುವ ರೂಪಕ್ಕೆ ತಿರುಗಿ ಹಿಮದ ಮೇಲೆ ಬೀಳುತ್ತದೆ. ಓಝೋನ್ ಅಳತೆ ಪಕ್ಕದಲ್ಲಿ ಇರದಿದ್ದರೆ ಆ ಸಂಖ್ಯೆಗಳನ್ನು ನಂಬುವುದು ಕಷ್ಟವಿತ್ತು. ಆದ್ದರಿಂದ ಅನುಮಾನದ ಸಂಖ್ಯೆಗೆ ಗುರುತು ಹಾಕಿ, ಕಾರಣ ಬರೆದಿಡಿ, ಮೂಲ ಫೈಲ್ ಮುಟ್ಟಬೇಡಿ. ವರದಿ ಮಾಡುವಾಗ ಘನ ಮೀಟರ್ ಯಾವ ಉಷ್ಣಾಂಶ, ಯಾವ ಒತ್ತಡದ್ದು ಅಂತಲೂ ಹೇಳಿ. ರೂಢಿ 0 ಡಿಗ್ರಿ, 1 ವಾಯುಮಂಡಲ ಒತ್ತಡ. ಬೆಟ್ಟದ ಮೇಲಿನ ತೆಳು ಗಾಳಿಯಲ್ಲಿ ಅಳೆದು ಇದನ್ನು ಬರೆಯದೇ ಬಿಟ್ಟರೆ ನಿಮ್ಮ ಸಂಖ್ಯೆಯನ್ನು ಸಮುದ್ರ ಮಟ್ಟದ ಸಂಖ್ಯೆಯ ಪಕ್ಕ ಇಟ್ಟು ನೋಡಲು ಯಾರಿಗೂ ಆಗುವುದಿಲ್ಲ.